ಗುಳಿಗೆಯೂ ಗುಂಡಿಗೆಯೂ

ರಕ್ತದ ಒತ್ತಡಕ್ಕೆ ಔಷಧ ಸೇವಿಸುವವರಿರುವ ಮನೆಗಳಲ್ಲಿ ನಾವು ಆಗಾಗ ಕೇಳುವ ಮಾತೊಂದುಂಟು: “ಹೋದ ವಾರ ನೋಡಿದಾಗ ಒತ್ತಡ ಸರಿಯಾಗಿಯೇ ಇತ್ತು. ತಲೆನೋವಿಲ್ಲ, ತಲೆಸುತ್ತಿಲ್ಲ. ಇನ್ನೇಕೆ ಈ ಗುಳಿಗೆ?” ಕೇಳುವುದಕ್ಕೆ ಈ ತರ್ಕ ಸಮಂಜಸವಾಗಿಯೇ ತೋರುತ್ತದೆ. ಜ್ವರ ಬಿಟ್ಟ ಮೇಲೆ ಜ್ವರದ ಔಷಧವನ್ನು ಯಾರು ತಾನೆ ಸೇವಿಸುತ್ತಾರೆ? ಆದರೆ ಮಳೆಯಲ್ಲಿ ನಡೆಯುತ್ತಿರುವವನು ತನ್ನ ಮೈ ನೆನೆದಿಲ್ಲವೆಂದು ಕೊಡೆಯನ್ನು ಮಡಚಿದರೆ ಏನಾದೀತೋ ಇಲ್ಲಿಯೂ ಆಗುವುದು ಅದೇ.

ಗುಂಡಿಗೆಯು ದೂಡಿದ ರಕ್ತವು ಧಮನಿಗಳ ಗೋಡೆಗಳನ್ನು ಒತ್ತುವ ಬಲವೇ ರಕ್ತದ ಒತ್ತಡ. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸನು ಕುದುರೆಯೊಂದರ ಧಮನಿಗೆ ಹಿತ್ತಾಳೆಯ ಕೊಳವೆಯ ಮೂಲಕ ಗಾಜಿನ ನಳಿಗೆಯನ್ನು ಜೋಡಿಸಿದಾಗ ರಕ್ತವು ಎಂಟು ಅಡಿಗೂ ಮಿಕ್ಕಿ ಮೇಲೇರಿತು. ಈ ಪ್ರಯೋಗವನ್ನು ಅವನು 1733ರಲ್ಲಿ ಪ್ರಕಟಿಸಿದನು. ತೋಳಿಗೆ ಪಟ್ಟಿ ಸುತ್ತಿ ಒತ್ತಡವನ್ನು ಅಳೆಯುವ ಸಾಧನವನ್ನು 1896ರಲ್ಲಿ ಇಟಲಿಯ ರೀವ-ರೊಚ್ಚಿಯೂ, ಧಮನಿಯ ಸದ್ದನ್ನು ಆಲಿಸಿ ಎರಡು ಅಂಕೆಗಳನ್ನು ಗುರುತಿಸುವ ವಿಧಾನವನ್ನು 1905ರಲ್ಲಿ ರಷ್ಯದ ಕೊರೊಟ್ಕಾಫನೂ ಕೊಟ್ಟರು. ವೈದ್ಯಶಾಲೆಯಲ್ಲಿ ಮತ್ತೆ ಮತ್ತೆ ಅಳೆದಾಗಲೂ ಈ ಅಂಕೆಗಳು 140/90ನ್ನು ಮುಟ್ಟಿದರೆ ಅಥವಾ ಮೀರಿದರೆ ಅದನ್ನು ಸಾಮಾನ್ಯವಾಗಿ ಅಧಿಕ ಒತ್ತಡವೆಂದು ಪರಿಗಣಿಸುತ್ತಾರೆ. ಬಹುಪಾಲು ಜನರಲ್ಲಿ ಅದು ಯಾವ ನೋವನ್ನೂ ಕೊಡದೆ, ಮಿದುಳು, ಗುಂಡಿಗೆ, ಮೂತ್ರಪಿಂಡ, ಕಣ್ಣು ಇವುಗಳ ರಕ್ತನಾಳಗಳನ್ನು ವರ್ಷಗಟ್ಟಲೆ ಸದ್ದಿಲ್ಲದೆ ಕೆಡಿಸುತ್ತಿರುತ್ತದೆ. ಆದುದರಿಂದ ಮೈ ಹಗುರವಾಗಿರುವುದು ಆರೋಗ್ಯಕ್ಕೆ ಸಾಕ್ಷಿಯಲ್ಲ.

ಔಷಧ ಹುಡುಕಿದ ಕಥೆಯಲ್ಲಿ ನಮ್ಮ ದೇಶದ ಪಾಲೂ ಉಂಟು. ಸರ್ಪಗಂಧದ ಬೇರು ಒತ್ತಡವನ್ನು ಇಳಿಸುತ್ತದೆಂದು ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲಿ ಬರೆದರು. ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲರು 1949ರಲ್ಲಿ ತಮ್ಮ ಅನುಭವವನ್ನು ಪ್ರಕಟಿಸಿದ ಮೇಲೆ ಪಶ್ಚಿಮದ ಗಮನ ಅತ್ತ ಹರಿಯಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಆ ಬೇರಿನಿಂದ ರೆಸರ್ಪೀನನ್ನು ಬೇರ್ಪಡಿಸಿದರು. ಆದರೆ ಅದನ್ನು ಸೇವಿಸಿದ ಕೆಲವರಲ್ಲಿ ಮನಸ್ಸು ಕುಗ್ಗಿದುದೂ ಕಂಡುಬಂದಿತು. ಬೇರಿನದಾಗಲಿ, ಕಾರ್ಖಾನೆಯದಾಗಲಿ, ದೇಹದಲ್ಲಿ ಕೆಲಸಮಾಡಬಲ್ಲ ಔಷಧವು ಬೇಡದ ಕೆಲಸವನ್ನೂ ಮಾಡಬಲ್ಲುದೆಂಬುದನ್ನು ನಾವು ಮರೆಯಲಾಗದು.

ಇಂದಿನ ಗುಳಿಗೆಗಳೂ ಹೀಗೆಯೇ. ಆಮ್ಲೊಡಿಪೀನ್ ಧಮನಿಗಳ ಸ್ನಾಯುಗಳೊಳಕ್ಕೆ ಕ್ಯಾಲ್ಸಿಯಂ ಹೋಗದಂತೆ ತಡೆದು ಅವುಗಳನ್ನು ಸಡಿಲಿಸುತ್ತದೆ. ಕೆಲವರಿಗೆ ಕಾಲಿನ ಹರಡು ಊದಿಕೊಳ್ಳುತ್ತದೆ. ಥಯಜೈಡ್ ವರ್ಗದವು ಉಪ್ಪನ್ನೂ ನೀರನ್ನೂ ಮೂತ್ರದಲ್ಲಿ ಹೊರದೂಡುತ್ತವೆ. ರಕ್ತದ ಸೋಡಿಯಂ, ಪೊಟಾಸಿಯಂ ಇಳಿಯಬಹುದು. ಎನಲಾಪ್ರಿಲ್ ಒಣಕೆಮ್ಮನ್ನು ತರುವುದುಂಟು. ಇಂತಹ ತೊಂದರೆ ಕಂಡಾಗ ವೈದ್ಯರಿಗೆ ತಿಳಿಸಿದರೆ ಅವರು ಬೇರೆ ಔಷಧವನ್ನು ಕೊಡಬಲ್ಲರು. ಹೇಳದೆ ಕೇಳದೆ ನಿಲ್ಲಿಸುವುದು ಪರಿಹಾರವಲ್ಲ.

ಕೆಲವು ಗುಳಿಗೆಗಳನ್ನು ಥಟ್ಟನೆ ನಿಲ್ಲಿಸುವುದೇ ಅಪಾಯ. ಅಟೆನೊಲಾಲ್ ಮುಂತಾದುವು ಗುಂಡಿಗೆಯ ವೇಗವನ್ನು ತಗ್ಗಿಸುವ ಸಲುವಾಗಿ ಅಲ್ಲಿಯ ಗ್ರಾಹಕಗಳನ್ನು ಮುಚ್ಚಿರುತ್ತವೆ. ದೇಹವು ಅದಕ್ಕೆ ಪ್ರತಿಯಾಗಿ ಗ್ರಾಹಕಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಮುಚ್ಚಳ ಒಮ್ಮೆಗೇ ತೆರೆದಾಗ ಗುಂಡಿಗೆ ನಾಗಾಲೋಟಕ್ಕೆ ತೊಡಗಿ, ಹೃದ್ರೋಗವುಳ್ಳವರಿಗೆ ಎದೆನೋವು, ಹೃದಯಾಘಾತಗಳೂ ಸಂಭವಿಸಬಹುದು. ಕ್ಲೊನಿಡೀನನ್ನು ನಿಲ್ಲಿಸಿದರೆ ಒಂದೆರಡು ದಿನಗಳಲ್ಲೇ ಒತ್ತಡವು ಭಯಂಕರವಾಗಿ ಏರಬಹುದು. ಆಮ್ಲೊಡಿಪೀನಿನ ರೀತಿ ಬೇರೆ: ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯಲು 30ರಿಂದ 50 ಗಂಟೆಗಳು ಬೇಕು. ಆದುದರಿಂದಲೇ ಬಿಟ್ಟ ಮರುದಿನ ಅಳೆಸಿಕೊಂಡು “ನೋಡಿ, ಏನೂ ಆಗಲಿಲ್ಲ” ಎಂದು ಹಿಗ್ಗುವವರುಂಟು. ಒತ್ತಡ ಕೆಲವು ದಿನಗಳಲ್ಲಿ ಮೆಲ್ಲಗೆ ಹಿಂದಿರುಗುತ್ತದೆ. ಆ ವೇಳೆಗೆ ಅಳೆಯುವ ಗೋಜಿಗೆ ಯಾರೂ ಹೋಗುವುದಿಲ್ಲ.

ಜೊತೆಗೆ ಸೇವಿಸುವ ವಸ್ತುಗಳ ಮೇಲೂ ಕಣ್ಣಿರಬೇಕು. ಮಂಡಿನೋವಿಗೆಂದು ಅಂಗಡಿಯಿಂದ ತಂದು ನುಂಗುವ ಐಬುಪ್ರೊಫೆನ್, ಡೈಕ್ಲೊಫಿನಾಕ್‌ಗಳು ದೇಹದಲ್ಲಿ ಉಪ್ಪನ್ನೂ ನೀರನ್ನೂ ಹಿಡಿದಿಟ್ಟು ಒತ್ತಡವನ್ನು ಏರಿಸುತ್ತವೆ. ಎನಲಾಪ್ರಿಲ್ ಮತ್ತು ಮೂತ್ರವರ್ಧಕ ಎರಡನ್ನೂ ಸೇವಿಸುವವರಲ್ಲಿ ಮೂತ್ರಪಿಂಡಕ್ಕೇ ಹಾನಿ ತರಬಹುದು. ಸೋಡಿಯಂ ಕಡಿಮೆಯಿರುವ ಉಪ್ಪುಗಳಲ್ಲಿ ಸಾಮಾನ್ಯವಾಗಿ ಪೊಟಾಸಿಯಂ ಕ್ಲೋರೈಡ್ ಇರುತ್ತದೆ. ಎನಲಾಪ್ರಿಲ್, ಟೆಲ್ಮಿಸಾರ್ಟನ್‌ಗಳನ್ನು ಸೇವಿಸುವವರ ರಕ್ತದಲ್ಲಿ ಅದು ಮಿತಿಮೀರಿ ಸೇರಿದರೆ ಗುಂಡಿಗೆಯ ಲಯವೇ ತಪ್ಪೀತು. ಈ ಎರಡು ಔಷಧಗಳೂ ಗರ್ಭಸ್ಥ ಶಿಶುವಿಗೆ ಹಾನಿಕರ. ತಾಯಿಯಾಗಬಯಸುವವರು ಮೊದಲೇ ವೈದ್ಯರಿಗೆ ತಿಳಿಸತಕ್ಕದ್ದು. ವಾಂತಿಭೇದಿಯಿಂದ ದೇಹದ ನೀರು ಬತ್ತಿದಾಗಲೂ ತಡಮಾಡದೆ ಅವರನ್ನು ಕೇಳಬೇಕು.

ಉಳಿದುವು ಸರಳವಾದ ನಿಯಮಗಳು. ಗುಳಿಗೆಯನ್ನು ದಿನವೂ ಒಂದೇ ಹೊತ್ತಿಗೆ ಸೇವಿಸುವುದು. ಮರೆತರೆ ಮರುದಿನ ಎರಡನ್ನು ಒಟ್ಟಿಗೆ ನುಂಗದಿರುವುದು. ಹಾಸಿಗೆಯಿಂದ ಏಳುವಾಗ ಕ್ಷಣಕಾಲ ಕುಳಿತು ಅನಂತರ ನಿಲ್ಲುವುದು. ನೆರೆಮನೆಯವರಿಗೆ ಒಗ್ಗಿದ ಗುಳಿಗೆಯನ್ನು ನಾವು ತೆಗೆದುಕೊಳ್ಳದಿರುವುದು. ಮನೆಯಲ್ಲಿ ಒತ್ತಡ ಅಳೆಯುವುದಾದರೆ ಐದು ನಿಮಿಷ ಸುಮ್ಮನೆ ಕುಳಿತು, ತೋಳನ್ನು ಎದೆಯ ಮಟ್ಟದಲ್ಲಿರಿಸಿ ಅಳೆದು, ಅಂಕೆಗಳನ್ನು ಬರೆದಿಡುವುದು.

ಉಪ್ಪನ್ನು ಕಡಿಮೆಮಾಡಿ, ತೂಕವನ್ನಿಳಿಸಿ, ದಿನವೂ ನಡೆದಾಡುವವರಿಗೆ ಗುಳಿಗೆಯ ಪ್ರಮಾಣ ತಗ್ಗುವುದೂ ಸಾಧ್ಯ. ಹಾಗಾದರೆ ಮೊದಲು ಕೇಳಿದ “ಇನ್ನೇಕೆ ಈ ಗುಳಿಗೆ?” ಎಂಬ ಪ್ರಶ್ನೆ ತಪ್ಪೇ? ತಪ್ಪಲ್ಲ. ಬರೆದಿಟ್ಟ ಅಂಕೆಗಳನ್ನು ಕೈಯಲ್ಲಿ ಹಿಡಿದು ಅದನ್ನು ವೈದ್ಯರ ಮುಂದೆ ಕೇಳಬೇಕು. ಉತ್ತರ ಬರುವ ತನಕ ಗುಳಿಗೆಯನ್ನು ಬಿಡದಿರಬೇಕು.