ಕ್ವಾಂಟಂ ಬಿಂದುಗಳೂ ಬೆಳಕಿನ ವಿದ್ಯುತ್ತೂ

ದ್ರವದಲ್ಲಿ ಮುಳುಗಿಸಿದ ಲೋಹಫಲಕದ ಮೇಲೆ ಬೆಳಕು ಬಿದ್ದರೆ ವಿದ್ಯುತ್ತು ಹುಟ್ಟುವುದುಂಟೆಂಬುದನ್ನು ಫ್ರಾನ್ಸ್ ದೇಶದ ಎಡ್ಮಂಡ್ ಬೆಕೆರೆಲರು 1839ರಲ್ಲಿಯೇ ಕಂಡರು. ಛಾಯಾಚಿತ್ರದ ಫಲಕಕ್ಕೆ ವರ್ಣದ್ರವ್ಯವನ್ನು ಸೇರಿಸಿದರೆ ಅದು ತಾನಾಗಿ ಗ್ರಹಿಸಲಾರದ ಬಣ್ಣಗಳನ್ನೂ ಗ್ರಹಿಸುವುದೆಂದು ಜರ್ಮನಿಯ ಹರ್ಮನ್ ಫೋಗೆಲರು 1873ರಲ್ಲಿ ತೋರಿಸಿದರು. ಈ ಎರಡು ತತ್ತ್ವಗಳ ಸಂಗಮವೇ ಪ್ರಕೃತ ಲೇಖನದ ವಿಷಯ.

ಟೈಟೇನಿಯಂ ಡೈಆಕ್ಸೈಡು ಬಿಳಿಯ ಪದಾರ್ಥ. ಅದರೊಳಗಣ ಎಲೆಕ್ಟ್ರಾನನ್ನು ವಾಹಕಸ್ಥಿತಿಗೆ ಏರಿಸಬೇಕಾದರೆ ಸುಮಾರು 3.2 ಎಲೆಕ್ಟ್ರಾನ್-ವೋಲ್ಟುಗಳಷ್ಟು ಶಕ್ತಿ ಬೇಕು. ಅಷ್ಟು ಶಕ್ತಿ ನೇರಿಳಾತೀತ ಕಿರಣಗಳಲ್ಲಿ ಉಂಟೇ ಹೊರತು ಕಣ್ಣಿಗೆ ಕಾಣುವ ಬೆಳಕಿನಲ್ಲಿ ಬಹುಮಟ್ಟಿಗೆ ಇಲ್ಲ. ಆದುದರಿಂದ ಅದರ ಸೂಕ್ಷ್ಮಕಣಗಳನ್ನು ಬೆಸೆದು, ಒಳಮೈ ವಿಸ್ತಾರವಾದ ಸಚ್ಛಿದ್ರ ಪೊರೆಯನ್ನು ಮಾಡಿ, ಆ ಮೈಗೆ ಬೆಳಕನ್ನು ಹೀರುವ ಬೇರೊಂದು ಪದಾರ್ಥವನ್ನು ಲೇಪಿಸುತ್ತಾರೆ. 1991ರಲ್ಲಿ ಓರೆಗನ್ ಮತ್ತು ಗ್ರೆಟ್ಸೆಲ್ ಎಂಬ ವಿಜ್ಞಾನಿಗಳು ವರ್ಣದ್ರವ್ಯವನ್ನು ಲೇಪಿಸಿ ಯಶಸ್ಸನ್ನು ಪಡೆದರು. ಅದರ ಸ್ಥಾನದಲ್ಲಿ ಕ್ಯಾಡ್ಮಿಯಂ ಸೆಲೆನೈಡಿನಂತಹ ಅರೆವಾಹಕದ, ಕೆಲವೇ ನ್ಯಾನೊಮೀಟರು ಅಡ್ಡಳತೆಯ ಹರಳುಗಳನ್ನು ಇಟ್ಟರೆ ಅವೇ ಕ್ವಾಂಟಂ ಬಿಂದುಗಳು.

ಇವುಗಳ ವೈಚಿತ್ರ್ಯವು ಅಳತೆಯಲ್ಲಿದೆ. ದೊಡ್ಡ ಹರಳಿನಲ್ಲಿ ಸುಮಾರು 1.74 ಎಲೆಕ್ಟ್ರಾನ್-ವೋಲ್ಟು ಇರುವ ಶಕ್ತಿಯ ಅಂತರವು ಕಣ ಕಿರಿದಾದಂತೆಲ್ಲ ಹೆಚ್ಚುತ್ತದೆ. ಹೀರುವ ಬೆಳಕು ಕೆಂಪಿನಿಂದ ನೀಲಿಯತ್ತ ಸರಿಯುತ್ತದೆ. ವೈಶೇಷಿಕರು ರೂಪವನ್ನೂ ಪರಿಮಾಣವನ್ನೂ ಬೇರೆ ಬೇರೆ ಗುಣಗಳೆಂದು ಎಣಿಸಿದರು. ಇಲ್ಲಿಯಾದರೋ ಪರಿಮಾಣವೇ ರೂಪವನ್ನು ನಿಯಮಿಸುತ್ತದೆ.

ಬೆಳಕನ್ನು ಹೀರಿದ ಬಿಂದುವಿನಿಂದ ಎಲೆಕ್ಟ್ರಾನು ಪೊರೆಗೆ ಹಾರಿ, ಅಲ್ಲಿಂದ ಹೊರಮಂಡಲಕ್ಕೆ ಹರಿಯುತ್ತದೆ. ಕಣ ಚಿಕ್ಕದಾದಷ್ಟೂ ಈ ಹಾರಿಕೆ ಶೀಘ್ರವೆಂಬುದನ್ನು ಪ್ರಶಾಂತ ಕಾಮತರೂ ಅವರ ಸಹೋದ್ಯೋಗಿಗಳೂ 2007ರಲ್ಲಿ ಪ್ರಕಟಿಸಿದರು. ಆದರೆ ಚಿಕ್ಕ ಕಣವು ಕೆಂಪು ಬೆಳಕನ್ನು ಬಿಟ್ಟುಬಿಡುತ್ತದೆ. ವೇಗವನ್ನು ಬಯಸಿದರೆ ಬೆಳಕಿನಲ್ಲಿ ನಷ್ಟ. ಬೆಳಕನ್ನು ಬಯಸಿದರೆ ವೇಗದಲ್ಲಿ ನಷ್ಟ.

ಎಲೆಕ್ಟ್ರಾನು ತೊರೆದ ಸ್ಥಾನವು ಧನ ವಿದ್ಯುದಂಶದಂತೆ ವರ್ತಿಸುತ್ತದೆ. ಸುತ್ತಲಿನ ದ್ರಾವಣದ ಸಲ್ಫೈಡು ಅಯಾನುಗಳು ಅದನ್ನು ಬೇಗ ತುಂಬಬೇಕು. ತಡವಾದರೆ ಹೋದ ಎಲೆಕ್ಟ್ರಾನು ಹಿಂದಿರುಗಿ ಶ್ರಮವೆಲ್ಲ ವ್ಯರ್ಥವಾಗುತ್ತದೆ, ಇಲ್ಲವೆ ಬಿಂದುವೇ ಸವೆಯುತ್ತದೆ. ಇದನ್ನು ತಗ್ಗಿಸಲು ಸತುವಿನ ಸಲ್ಫೈಡಿನ ತೆಳುಲೇಪವನ್ನು ಕೊಡುವುದು ರೂಢಿ.

ಈ ಸ್ಥಾನವನ್ನು ಕನ್ನಡದಲ್ಲಿ 'ರಂಧ್ರ'ವೆನ್ನುವುದುಂಟು. ಆದರೆ ಪೊರೆಯ ತೂತುಗಳೂ ರಂಧ್ರಗಳೇ. ದ್ರಾವಣವು ರಂಧ್ರವನ್ನು ತುಂಬಿತೆಂದರೆ ಯಾವುದನ್ನೆಂದು ತಿಳಿಯಬೇಕು? ಮೊದಲನೆಯದನ್ನು 'ತೆರಪು' ಎಂದು ಕರೆದರೆ ಅರ್ಥವು ನಿಸ್ಸಂದಿಗ್ಧವಾಗುವುದು. ಪಂಡಿತರು ಇದನ್ನು ಪರಿಶೀಲಿಸಬೇಕೆಂದು ಪ್ರಾರ್ಥನೆ.