ಸಾಗರದಡಿಯ ಪೆಟ್ರೋಲ್ ಕೊಳವೆಗೆ ಬೆಸುಗೆ: ಇನ್ವರ್ನೆಸ್ ಕಾರ್ಖಾನೆಯ ಕಥೆ

1944ರ ಜೂನ್‌ನಲ್ಲಿ ಮಿತ್ರಪಡೆಗಳು ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಇಳಿದವು. ಮುನ್ನುಗ್ಗುವ ಸೇನೆಗೆ ಮದ್ದುಗುಂಡಿನಷ್ಟೇ ಅಗತ್ಯವಾಗಿದ್ದುದು ಪೆಟ್ರೋಲ್. ತೈಲ ಹೊತ್ತ ಹಡಗುಗಳು ಶತ್ರುವಿಮಾನಗಳಿಗೆ ಸುಲಭವಾದ ಗುರಿ. ಆದ್ದರಿಂದ ಇಂಗ್ಲಿಷ್ ಕಾಲುವೆಯ ತಳದಲ್ಲೇ ಕೊಳವೆ ಹಾಸಿ ಇಂಧನ ಕಳುಹಿಸುವ ಯೋಜನೆಯನ್ನು ಬ್ರಿಟನ್ ಕೈಗೊಂಡಿತು. ಅದರ ಸಂಕೇತನಾಮ ‘ಪ್ಲೂಟೋ’. ಈ ಸಾಹಸದಲ್ಲಿ ಸ್ಕಾಟ್ಲೆಂಡಿನ ಉತ್ತರದ ಇನ್ವರ್ನೆಸ್ ಪಟ್ಟಣದ ಒಂದು ಕಾರ್ಖಾನೆಗೂ ಪಾಲಿತ್ತು.

ಕಾರ್ಖಾನೆಯ ಮೂಲ ವಿದ್ಯುತ್ತಿನಲ್ಲಿಲ್ಲ, ಬೇಸಾಯದಲ್ಲಿದೆ. 1872ರಲ್ಲಿ ಕೃಷಿ ಉಪಕರಣಗಳನ್ನೂ ಎರಕದ ಸಾಮಾನುಗಳನ್ನೂ ತಯಾರಿಸಲೆಂದು ಅದು ಆರಂಭವಾಯಿತು. ಮುಂದೆ ರೋಸ್ ಸ್ಟ್ರೀಟ್ ಫೌಂಡ್ರಿ ಎಂದು ಪ್ರಸಿದ್ಧವಾಯಿತು. ಗ್ಲಾಸ್ಗೋ, ಬರ್ಮಿಂಗ್‌ಹ್ಯಾಮ್‌ಗಳಂತಹ ಕೈಗಾರಿಕಾ ಕೇಂದ್ರಗಳಿಂದ ದೂರವಿದ್ದ ಊರಿಗೆ ಕೇವಲ ಎರಕದ ಕೆಲಸದಿಂದ ಪೈಪೋಟಿ ನಡೆಸುವುದು ಕಷ್ಟವಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಸಂಸ್ಥೆ ವಿದ್ಯುತ್ ಬೆಸುಗೆ ಯಂತ್ರಗಳತ್ತ ಹೊರಳಿತು. ‘ಎ.ಐ. ವೆಲ್ಡರ್ಸ್’ ಎಂಬುದು ಅದರ ಪ್ರಚಲಿತ ಹೆಸರು. ಇಂದಿನ ಕೃತಕ ಬುದ್ಧಿಮತ್ತೆಗೂ ಆ ಎರಡು ಅಕ್ಷರಗಳಿಗೂ ಯಾವ ನಂಟೂ ಇಲ್ಲ.

ಯಂತ್ರ ಮಾಡುವುದೇನು?

ಬೆಸುಗೆ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಮುಖಕವಚ ಹಿಡಿದು, ಕಡ್ಡಿ ಕರಗಿಸುವ ಕೆಲಸಗಾರನ ಚಿತ್ರ. ಈ ಕಾರ್ಖಾನೆಯ ಯಂತ್ರಗಳ ವಿಧಾನವೇ ಬೇರೆ. ಅಮೆರಿಕದ ಎಲಿಹು ಥಾಮ್ಸನ್ 1886ರಲ್ಲಿ ಪೇಟೆಂಟ್ ಪಡೆದ ‘ರೋಧ ಬೆಸುಗೆ’ಯಲ್ಲಿ ಪ್ರತ್ಯೇಕ ಕಡ್ಡಿ ಬೇಕಿಲ್ಲ. ಕೂಡಿಸಬೇಕಾದ ಲೋಹವೇ ತನ್ನ ಬೆಸುಗೆಗೆ ಸಾಮಗ್ರಿ.

ಎರಡು ಕೊಳವೆಗಳ ತುದಿಗಳನ್ನು ಬಲವಾದ ಹಿಡಿಕೆಗಳಲ್ಲಿ ಎದುರುಬದುರಾಗಿ ನಿಲ್ಲಿಸಲಾಗುತ್ತದೆ. ಟ್ರಾನ್ಸ್‌ಫಾರ್ಮರ್ ಕೆಲವೇ ವೋಲ್ಟ್‌ಗಳಲ್ಲಿ ಸಾವಿರಾರು ಆಂಪಿಯರ್ ವಿದ್ಯುತ್ ಹರಿಸುತ್ತದೆ. ತುದಿಗಳು ಸೋಕುವ ಜಾಗದಲ್ಲಿ ರೋಧ ಅತ್ಯಧಿಕ. ಶಾಖ ಹುಟ್ಟುವುದೂ ಅಲ್ಲಿಯೇ. ಕಿಡಿಗಳ ಮಳೆಯೇ ಸುರಿಯುತ್ತದೆ, ಮೇಲ್ಮೈಯ ಕಿಲುಬು, ಕೊಳೆ ಸುಟ್ಟು ಸಿಡಿದುಹೋಗುತ್ತವೆ. ಅನಂತರ ಯಂತ್ರ ಎರಡೂ ತುದಿಗಳನ್ನು ಥಟ್ಟನೆ ಒತ್ತುತ್ತದೆ. ಕರಗಿದ ಲೋಹ ಹೊರಕ್ಕೆ ಉಬ್ಬಿ, ಒಳಗಿನ ಶುದ್ಧ ಲೋಹ ಒಂದಾಗುತ್ತದೆ. ಇದೇ ‘ಫ್ಲ್ಯಾಶ್ ಬಟ್’ ಬೆಸುಗೆ. ರೈಲು ಹಳಿಗಳನ್ನು ಉದ್ದವಾಗಿ ಜೋಡಿಸುವುದಕ್ಕೂ ಈ ವಿಧಾನ ಬಳಕೆಯಲ್ಲಿದೆ.

ಚೆರ್ಬರ್ಗ್‌ನಿಂದ ಬುಲೋನ್‌ಗೆ

ಪ್ಲೂಟೋಗೆ ಎರಡು ಬಗೆಯ ಕೊಳವೆಗಳಿದ್ದವು. ‘ಹೇಯ್ಸ್’ ಸೀಸದ ಕೊಳವೆ, ಸಮುದ್ರದ ಕೇಬಲ್‌ನಂತಹ ರಚನೆ. ‘ಹ್ಯಾಮೆಲ್’ ಮೂರು ಅಂಗುಲ ವ್ಯಾಸದ ಉಕ್ಕಿನ ಕೊಳವೆ. ಉಕ್ಕಿನ ಕೊಳವೆಗಳನ್ನು ಥೇಮ್ಸ್ ದಡದ ಟಿಲ್ಬರಿಯಲ್ಲಿ ಒಂದಕ್ಕೊಂದು ಬೆಸೆದು ಸುಮಾರು 4,000 ಅಡಿ ಉದ್ದದ ತುಂಡುಗಳನ್ನಾಗಿ ಮಾಡಲಾಯಿತು. ಆ ತುಂಡುಗಳನ್ನು ಮತ್ತೆ ಬೆಸೆಯುತ್ತ, ನೀರಿನಲ್ಲಿ ತೇಲುವ ಬೃಹತ್ ಉರುಳೆಗಳಿಗೆ ದಾರದಂತೆ ಸುತ್ತಲಾಯಿತು. ಸುತ್ತುವಾಗ ಬಾಗಬೇಕು, ಹಾಸುವಾಗ ನೆಟ್ಟಗಾಗಬೇಕು, ಸಮುದ್ರತಳದಲ್ಲಿ ಒತ್ತಡ ತಾಳಬೇಕು. ಒಂದೇ ಒಂದು ಬೆಸುಗೆ ಬಿಟ್ಟರೂ ಮೈಲುಗಟ್ಟಲೆ ಕೊಳವೆ ವ್ಯರ್ಥ. ಇನ್ವರ್ನೆಸ್‌ನ ಯಂತ್ರಗಳ ಮೇಲೆ ಬಿದ್ದ ಹೊಣೆ ಇದೇ.

ಫಲ ಮಿಶ್ರವಾಗಿತ್ತು. ಸುಮಾರು 70 ಮೈಲು ದೂರದ ಚೆರ್ಬರ್ಗ್ ಮಾರ್ಗ ತಡವಾಗಿ ತೆರೆದು, 1944ರ ಅಕ್ಟೋಬರ್‌ನಲ್ಲೇ ನಿಂತಿತು. ಡಂಜೆನೆಸ್‌ನಿಂದ ಬುಲೋನ್‌ಗೆ ಹಾಸಿದ 17 ಕೊಳವೆಗಳು ಮೇಲಾದವು. ಅವುಗಳಲ್ಲಿ 6 ಹ್ಯಾಮೆಲ್. ಆದರೂ ಸೇನೆ ಬಳಸಿದ ಇಂಧನದ ದೊಡ್ಡ ಪಾಲು ಹಡಗುಗಳಿಂದಲೇ ಬಂತೆಂಬುದನ್ನು ಮರೆಯಲಾಗದು. ಯುದ್ಧಾನಂತರ ಕೊಳವೆಗಳ ಬಹುಭಾಗವನ್ನು ಸೀಸ, ಉಕ್ಕಿಗಾಗಿ ಮೇಲೆತ್ತಿದರು.

ಹೇಯ್ಸ್ ಎಂಬ ಹೆಸರಿನಲ್ಲಿ ಹಾರ್ಟ್ಲಿ ಎಂಬ ಎಂಜಿನಿಯರ್, ಆಂಗ್ಲೋ-ಇರಾನಿಯನ್ ಹಾಗೂ ಸೀಮೆನ್ಸ್ ಕಂಪನಿಗಳ ಮೊದಲಕ್ಷರಗಳಿವೆ. ಹ್ಯಾಮೆಲ್‌ನಲ್ಲಿ ಹ್ಯಾಮಿಕ್, ಎಲ್ಲಿಸ್ ಎಂಬ ಇಬ್ಬರು ಎಂಜಿನಿಯರುಗಳಿದ್ದಾರೆ. ಬೆಸುಗೆ ಯಂತ್ರ ಕಟ್ಟಿದವರ ಹೆಸರು ಎರಡರಲ್ಲಿಯೂ ಸೇರಲಿಲ್ಲ. ಆದರೆ ಇನ್ವರ್ನೆಸ್‌ನ ಅಕಾಡೆಮಿ ಸ್ಟ್ರೀಟ್‌ನಲ್ಲಿ ಹಳೆಯ ಕಾರ್ಖಾನೆಯ ಕಟ್ಟಡ ಉಳಿದಿದೆ. ಅದೀಗ ಆಹಾರಗೃಹವಾಗಿ ಮರುಬಳಕೆ ಕಂಡಿದೆ. ಅದರ ಮುಂಭಾಗದ ಬಣ್ಣದ ಮೊಸಾಯಿಕ್ ಚಿತ್ರಗಳಲ್ಲಿರುವವರು ಅರಸರೂ ಅಲ್ಲ, ಮಾಲೀಕರೂ ಅಲ್ಲ. ಕೆಲಸದಲ್ಲಿ ನಿರತರಾದ ಕಾರ್ಮಿಕರು.