ಡರ್ಮಟೈಟಿಸ್ ನೆಗ್ಲೆಕ್ಟಾ

ಡರ್ಮಟೈಟಿಸ್ ನೆಗ್ಲೆಕ್ಟಾ ಎಂಬುದು ಶರೀರದ ಒಂದು ಭಾಗವನ್ನು ದೀರ್ಘಕಾಲ ಸರಿಯಾಗಿ ತೊಳೆಯದಿರುವುದರಿಂದ ಚರ್ಮದ ಮೇಲೆ ಕಂದು ಅಥವಾ ಕಪ್ಪು ಬಣ್ಣದ ಹಕ್ಕಳೆ ಕಟ್ಟಿಕೊಳ್ಳುವ ಸ್ಥಿತಿಯಾಗಿದೆ. ಇದು ಸಾಂಕ್ರಾಮಿಕವಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಸಾಬೂನು ಮತ್ತು ನೀರಿನಿಂದಲೇ ಗುಣವಾಗುತ್ತದೆ. ಆದರೆ ನೋಟಕ್ಕೆ ಇತರ ಚರ್ಮರೋಗಗಳನ್ನು ಹೋಲುವುದರಿಂದ, ಗುರುತಿಸದೆ ಹೋದಲ್ಲಿ ರೋಗಿಯು ಅನಗತ್ಯ ಪರೀಕ್ಷೆ ಹಾಗೂ ಔಷಧಗಳಿಗೆ ಗುರಿಯಾಗುವ ಸಾಧ್ಯತೆಯಿದೆ.

ಹೆಸರು ಮತ್ತು ಇತಿಹಾಸ

'ನೆಗ್ಲೆಕ್ಟಾ' ಎಂಬ ಲ್ಯಾಟಿನ್ ಪದಕ್ಕೆ 'ಅಲಕ್ಷಿಸಲ್ಪಟ್ಟ' ಎಂದರ್ಥ. ಪಾಸ್ಕಿಟ್ ಮತ್ತು ಸಂಗಡಿಗರು 1995ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಡರ್ಮಟಾಲಜಿ ಪತ್ರಿಕೆಯಲ್ಲಿ ಈ ಸ್ಥಿತಿಯನ್ನು ಇದೇ ಹೆಸರಿನಿಂದ ವರ್ಣಿಸಿದರು. 'ತೊಳೆಯದ ಚರ್ಮದ ವ್ಯಾಧಿ' ಎಂಬ ಅರ್ಥದ ಹೆಸರೂ ಇದಕ್ಕಿದೆ. ಭಾರತದಲ್ಲಿಯೂ ಇಂತಹ ಪ್ರಕರಣಗಳು ವರದಿಯಾಗಿವೆ.

ಕಾರಣಗಳು

ಚರ್ಮದ ಹೊರಪದರದ ಜೀವಕೋಶಗಳು ನಿರಂತರವಾಗಿ ಸತ್ತು ಉದುರುತ್ತಿರುತ್ತವೆ. ಸ್ನಾನ ಮಾಡುವಾಗ ಮೈ ಉಜ್ಜುವುದರಿಂದ ಇವು ಸುಲಭವಾಗಿ ಕಳಚಿಹೋಗುತ್ತವೆ. ಉಜ್ಜದೆ ಬಿಟ್ಟ ಜಾಗದಲ್ಲಿ ಸತ್ತ ಕೋಶಗಳು, ಬೆವರು, ಚರ್ಮದ ಜಿಡ್ಡು ಮತ್ತು ಹೊರಗಿನ ಧೂಳು ಒಂದಕ್ಕೊಂದು ಅಂಟಿಕೊಂಡು ಪದರವಾಗುತ್ತವೆ. ಕೆಲವು ವಾರಗಳಿಂದ ಕೆಲವು ತಿಂಗಳುಗಳ ಅವಧಿಯಲ್ಲಿ ಈ ಪದರವು ಗಟ್ಟಿಯಾಗಿ ಕಪ್ಪಾಗುತ್ತದೆ.

ಇದನ್ನು ಕೇವಲ ಸೋಮಾರಿತನದ ಫಲವೆಂದು ತಿಳಿಯುವುದು ಸರಿಯಲ್ಲ. ಅನೇಕ ರೋಗಿಗಳಲ್ಲಿ ದೇಹದ ಉಳಿದ ಭಾಗವೆಲ್ಲ ಶುಚಿಯಾಗಿದ್ದು, ಒಂದು ಜಾಗ ಮಾತ್ರ ಹೀಗಾಗಿರುತ್ತದೆ. ಇದಕ್ಕೆ ಸಾಮಾನ್ಯವಾಗಿ ಕಂಡುಬರುವ ಹಿನ್ನೆಲೆಗಳು ಇವು:

• ನೋವು ಅಥವಾ ಅತಿಯಾದ ಸ್ಪರ್ಶಸಂವೇದನೆಯಿಂದ ಆ ಭಾಗವನ್ನು ಮುಟ್ಟಲಾಗದಿರುವುದು.
• ಶಸ್ತ್ರಚಿಕಿತ್ಸೆಯ ಜಾಗಕ್ಕೆ ನೀರು ತಾಗಬಾರದೆಂಬ ಭಯ. ಸ್ತನದ ಶಸ್ತ್ರಚಿಕಿತ್ಸೆಯ ನಂತರ ಹಾಗೂ ಪೇಸ್‌ಮೇಕರ್ ಅಳವಡಿಸಿದ ಜಾಗದ ಸುತ್ತ ಇದು ಕಾಣಿಸಿಕೊಂಡ ಉದಾಹರಣೆಗಳಿವೆ.
• ಪಾರ್ಶ್ವವಾಯು, ಮೂಳೆಮುರಿತ ಮುಂತಾದವುಗಳಿಂದ ಕೈಕಾಲು ಆಡದಿರುವುದು.
• ಮರೆಗುಳಿತನ, ಖಿನ್ನತೆ ಮೊದಲಾದ ಮಾನಸಿಕ ತೊಂದರೆಗಳಿಂದ ಸ್ವಂತ ಆರೈಕೆ ಕುಂಠಿತವಾಗುವುದು.

ಲಕ್ಷಣಗಳು

ಪೀಡಿತ ಜಾಗದಲ್ಲಿ ಕಂದುಬಣ್ಣದ ಕಲೆಗಳು ಅಥವಾ ಒರಟಾದ ದಪ್ಪ ಪದರ ಕಾಣುತ್ತದೆ. ಕೆಲವರಲ್ಲಿ ಹಕ್ಕಳೆಗಳು ಕಾರ್ನ್‌ಫ್ಲೇಕ್ಸ್‌ನಂತೆ ಅಂಚು ಎದ್ದು ನಿಂತಿರುತ್ತವೆ. ಸಾಮಾನ್ಯವಾಗಿ ತುರಿಕೆ ಇರುವುದಿಲ್ಲ. ಹೆಸರಿನಲ್ಲಿ ಉರಿಯೂತವನ್ನು ಸೂಚಿಸುವ 'ಡರ್ಮಟೈಟಿಸ್' ಪದವಿದ್ದರೂ ಉರಿಯೂತದ ಚಿಹ್ನೆಗಳು ಅತ್ಯಲ್ಪ. ಕೆಂಪಾಗುವುದು, ಬಿಸಿಯಾಗುವುದು, ಕೀವು ಅಥವಾ ದುರ್ವಾಸನೆ ಕಂಡುಬಂದರೆ ಸೋಂಕು ತಗಲಿರಬಹುದು.

ಪತ್ತೆ

ಮದ್ಯಸಾರದಲ್ಲಿ ಅದ್ದಿದ ಹತ್ತಿಯಿಂದ ಅಥವಾ ಸಾಬೂನು ನೀರಿನ ಬಟ್ಟೆಯಿಂದ ಒಂದು ಚಿಕ್ಕ ಜಾಗವನ್ನು ಉಜ್ಜಿ ನೋಡುವುದೇ ಮುಖ್ಯ ಪರೀಕ್ಷೆ. ಪದರ ಕಳಚಿ ಕೆಳಗೆ ಆರೋಗ್ಯಕರ ಚರ್ಮ ಕಂಡರೆ ರೋಗನಿರ್ಣಯ ಬಹುಮಟ್ಟಿಗೆ ಖಚಿತವಾಗುತ್ತದೆ. ಆಗ ಚರ್ಮದ ತುಣುಕು ತೆಗೆದು ಪರೀಕ್ಷಿಸುವ ಅಗತ್ಯ ಬರುವುದಿಲ್ಲ. ಗಾಯವಾದ ಚರ್ಮದ ಮೇಲೆ ಮತ್ತು ಕಣ್ಣಿನ ಬಳಿ ಮದ್ಯಸಾರ ಬಳಸಬಾರದು.

ಹೋಲುವ ಇತರ ಸ್ಥಿತಿಗಳು

• ಟೆರ್ರಾ ಫರ್ಮಾ-ಫಾರ್ಮ್ ಡರ್ಮಟೋಸಿಸ್: 1987ರಲ್ಲಿ ವರದಿಯಾದ ಈ ಸ್ಥಿತಿಯಲ್ಲಿ, ದಿನವೂ ಸ್ನಾನ ಮಾಡುವವರ ಕುತ್ತಿಗೆ ಮುಂತಾದ ಕಡೆಗಳಲ್ಲಿಯೂ ಕೊಳೆಯಂತಹ ಪದರ ಕಾಣುತ್ತದೆ. ಇದು ಸಾಬೂನಿಗೆ ಬಗ್ಗದು, ಶೇ. 70ರ ಐಸೊಪ್ರೊಪೈಲ್ ಮದ್ಯಸಾರದಿಂದ ಒರೆಸಿದರೆ ಹೋಗುತ್ತದೆ.
• ಅಕ್ಯಾಂಥೋಸಿಸ್ ನಿಗ್ರಿಕಾನ್ಸ್: ಕುತ್ತಿಗೆ ಮತ್ತು ಕಂಕುಳಿನ ಚರ್ಮ ಮಖಮಲ್ಲಿನಂತೆ ದಪ್ಪವಾಗಿ ಕಪ್ಪಾಗುತ್ತದೆ. ಇದು ಕೊಳೆಯಲ್ಲ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಅನೇಕ ವೇಳೆ ಸ್ಥೂಲಕಾಯ ಮತ್ತು ಮಧುಮೇಹದ ಪ್ರವೃತ್ತಿಗೆ ಸಂಬಂಧಿಸಿರುವುದರಿಂದ ರಕ್ತಪರೀಕ್ಷೆ ಅಗತ್ಯ. ಇಂತಹ ಮಕ್ಕಳನ್ನು 'ಸ್ನಾನ ಮಾಡುವುದಿಲ್ಲ' ಎಂದು ಗದರಿಸುವುದು ಅನ್ಯಾಯ.
• ಸಿಬ್ಬು: ಚರ್ಮದ ಮೇಲಿನ ಶಿಲೀಂಧ್ರದಿಂದ ಬರುತ್ತದೆ. ಇದಕ್ಕೆ ಶಿಲೀಂಧ್ರನಾಶಕ ಔಷಧ ಬೇಕು.
• ಕಜ್ಜಿ: ಸೂಕ್ಷ್ಮ ನುಸಿಯಿಂದ ಹರಡುತ್ತದೆ. ರಾತ್ರಿ ತುರಿಕೆ ಹೆಚ್ಚು. ಸ್ನಾನ ಮಾತ್ರದಿಂದ ವಾಸಿಯಾಗದು. ಮನೆಯವರೆಲ್ಲರೂ ಒಟ್ಟಿಗೆ ಚಿಕಿತ್ಸೆ ಪಡೆಯಬೇಕು.

ಚಿಕಿತ್ಸೆ

ಪದರವನ್ನು ಉಗುರುಬೆಚ್ಚಗಿನ ನೀರಿನಿಂದ ನೆನೆಸಿ, ಸೌಮ್ಯ ಸಾಬೂನು ಹಚ್ಚಿ, ಮೆತ್ತನೆಯ ಬಟ್ಟೆಯಿಂದ ಪ್ರತಿದಿನ ಮೃದುವಾಗಿ ಉಜ್ಜಬೇಕು. ತೆಳುವಾದ ಪದರ ಬೇಗನೆ ಹೋಗುತ್ತದೆ, ದಪ್ಪನಾದದ್ದಕ್ಕೆ ಕೆಲವು ವಾರಗಳು ಬೇಕಾಗಬಹುದು. ಗಟ್ಟಿಯಾಗಿ ಅಂಟಿಕೊಂಡಿದ್ದರೆ ವೈದ್ಯರು ಯೂರಿಯಾ, ಸ್ಯಾಲಿಸಿಲಿಕ್ ಆಮ್ಲ ಅಥವಾ ಲ್ಯಾಕ್ಟಿಕ್ ಆಮ್ಲವಿರುವ ಲೇಪನವನ್ನು ಸೂಚಿಸುತ್ತಾರೆ. ಕಲ್ಲು ಅಥವಾ ನಾರಿನಿಂದ ಬಲವಾಗಿ ಉಜ್ಜುವುದು, ಉಗುರಿನಿಂದ ಕೀಳುವುದು ಸಲ್ಲದು. ಅದರಿಂದ ಗಾಯವಾಗಿ ಸೋಂಕು ತಗಲಬಹುದು. ಸ್ಪರ್ಶಜ್ಞಾನವಿಲ್ಲದ ಕೈಕಾಲುಗಳನ್ನು ತೊಳೆಯುವಾಗ ನೀರಿನ ಬಿಸಿಯನ್ನು ಆರೈಕೆ ಮಾಡುವವರು ಮೊದಲು ಪರೀಕ್ಷಿಸಬೇಕು.

ಚರ್ಮ ಶುಭ್ರವಾದರೂ ಮೂಲ ಕಾರಣ ಉಳಿದಿದ್ದರೆ ಸಮಸ್ಯೆ ಮರುಕಳಿಸುತ್ತದೆ. ಆದ್ದರಿಂದ ನೋವು, ಭಯ ಅಥವಾ ಮಾನಸಿಕ ತೊಂದರೆಗೂ ಚಿಕಿತ್ಸೆ ದೊರೆಯಬೇಕು.

ತಡೆಗಟ್ಟುವಿಕೆ

ಶಸ್ತ್ರಚಿಕಿತ್ಸೆಯ ನಂತರ ಆ ಜಾಗವನ್ನು ಯಾವ ದಿನದಿಂದ, ಯಾವ ರೀತಿಯಲ್ಲಿ ತೊಳೆಯಬಹುದೆಂದು ಆಸ್ಪತ್ರೆಯಿಂದ ಹೊರಡುವ ಮುನ್ನವೇ ವೈದ್ಯರನ್ನು ಕೇಳಿ ತಿಳಿದುಕೊಳ್ಳಬೇಕು. ಹಾಸಿಗೆ ಹಿಡಿದವರಲ್ಲಿ ಕಂಕುಳು, ಮುಚ್ಚಿದ ಅಂಗೈ, ಕಿವಿಯ ಹಿಂಭಾಗ, ಸ್ತನದ ಕೆಳಭಾಗ ಮತ್ತು ಕಾಲ್ಬೆರಳುಗಳ ಸಂದುಗಳನ್ನು ನಿತ್ಯವೂ ಒರೆಸಿ ಒಣಗಿಸಬೇಕು. ರೋಗಿಯನ್ನು ನಾಚಿಕೆಗೀಡುಮಾಡಿದರೆ ಆತ ಆ ಭಾಗವನ್ನು ಇನ್ನಷ್ಟು ಮರೆಮಾಚುವ ಸಂಭವವಿರುವುದರಿಂದ, ಆರೈಕೆ ಮಾಡುವವರ ಸಹಾನುಭೂತಿಯೂ ಚಿಕಿತ್ಸೆಯ ಭಾಗವೆನಿಸುತ್ತದೆ.